ಹನ್ನೆರಡನೇ ನಿಮಿಷದ ದಿಬ್ಬ

ಗಾಜು ಹಸನಾಗಿದೆಯೋ ಇಲ್ಲವೋ ಎಂಬುದನ್ನು ಜಟ್ಟೆಮ್ಮ ನೀರು ನೋಡಿ ಹೇಳುತ್ತಿದ್ದಳು. ತೊಳೆದ ಫ್ಲಾಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದು ಮೆಲ್ಲಗೆ ಓರೆ ಮಾಡುವಳು. ಒಳಗಿನ ನೀರು ಒಂದೇ ತೆಳ್ಳನೆಯ ಪದರವಾಗಿ ಜಾರಿ ಇಳಿದರೆ ಗಾಜು ಹಸನು. ಅಲ್ಲೊಂದು ಇಲ್ಲೊಂದು ಹನಿಗಟ್ಟಿ ನಿಂತರೆ ಒಳಗಿನ್ನೂ ಜಿಡ್ಡಿದೆ. ಅದು ಮತ್ತೆ ಸೋಪಿನ ನೀರಿಗೆ ಹೋಗುತ್ತಿತ್ತು. ಸೋಪಿನ ನೀರು, ನಲ್ಲಿಯ ನೀರು, ಕೊನೆಗೆ ಮಷೀನಿನಿಂದ ಸೋಸಿ ಬರುವ ಶುದ್ಧ ನೀರಿನಲ್ಲಿ ಮೂರು ಸಲ ಜಾಲಾಡುವುದು. ಕೆ.ಆರ್. ಪುರಂ ದಾಟಿ ಹೂಡಿಯ ಕಡೆ ಹೋಗುವ ರಸ್ತೆಯಲ್ಲಿದ್ದ ಆ ಔಷಧ ಪರೀಕ್ಷೆಯ ಲ್ಯಾಬಿನಲ್ಲಿ ಏಳು ವರ್ಷದಿಂದ ಅವಳದು ಇದೇ ಕೆಲಸ. ಸಿಂಕಿನ ಮುಂದೆ ನಿಂತು "ಒಂದ, ಎರಡ, ಮೂರ" ಎಂದು ಬಾಯೊಳಗೇ ಎಣಿಸಿಕೊಳ್ಳುವಳು. ಎಣಿಕೆ ತಪ್ಪಿತು ಅನಿಸಿದರೆ ಮತ್ತೆ ಒಂದರಿಂದ.

ಇದು ಈರೇಶನಿಗೆ ಗೊತ್ತಿತ್ತು. ಲ್ಯಾಬಿನ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಮುಂದೆ ನಡೆದದ್ದರಲ್ಲಿ ಅವನನ್ನು ಹೆಚ್ಚು ಸುಟ್ಟದ್ದು ಆ ಗೊತ್ತಿದ್ದುದೇ.

ಈರೇಶ ಶಹಾಪುರದ ಕಡೆಯವನು. ಕಲಬುರಗಿಯಲ್ಲಿ ರಸಾಯನಶಾಸ್ತ್ರ ಓದಿ, ನಾಲ್ಕು ವರ್ಷದ ಹಿಂದೆ ಈ ಲ್ಯಾಬಿಗೆ ಅನಲಿಸ್ಟ್ ಆಗಿ ಸೇರಿ, ರಾಮಮೂರ್ತಿ ನಗರದಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದಿದ್ದ. ಜಟ್ಟೆಮ್ಮ ಸುರಪುರದ ಕಡೆಯವಳು. ಅವನ ರೂಮಿನಿಂದ ಎರಡು ಗಲ್ಲಿ ಆಚೆ ಮಗಳು ಕಾವೇರಿಯ ಜೊತೆ ಇದ್ದಳು. ಭಾನುವಾರ ಅವಳು ರೊಟ್ಟಿ ಬಡಿಯುವ ಸದ್ದು ಗಲ್ಲಿಯ ತುದಿಗೇ ಕೇಳಿಸುತ್ತಿತ್ತು. ಅವನಿಗಾಗಿ ನಾಲ್ಕು ರೊಟ್ಟಿ, ಪುಂಡಿಪಲ್ಯ, ಒಂದಿಷ್ಟು ಶೇಂಗಾ ಹಿಂಡಿ ಬಟ್ಟೆಯಲ್ಲಿ ಕಟ್ಟಿ ಇಟ್ಟಿರುತ್ತಿದ್ದಳು. ಅಲ್ಲಿ ಅವಳು ಅವನಿಗೆ ಚಿಗವ್ವ, ಊರ ಕಡೆಯ ಚಿಕ್ಕಮ್ಮ. ಲ್ಯಾಬಿನಲ್ಲಿ ಮಾತ್ರ ಅವನು ಬೆಂಗಳೂರಿನ ಕನ್ನಡ ಮಾತಾಡುತ್ತಿದ್ದ, ಅವಳನ್ನು "ಜಟ್ಟೆಮ್ಮ" ಎಂದು ಕರೆಯುತ್ತಿದ್ದ. ಹಾಗೆ ಕರೆ ಎಂದು ಯಾರೂ ಹೇಳಿರಲಿಲ್ಲ. ಅವಳು ಅದನ್ನು ಗಮನಿಸಿದ್ದಳೋ ಇಲ್ಲವೋ, ಒಮ್ಮೆಯೂ ಆ ಮಾತು ತೆಗೆದವಳಲ್ಲ.

ಆ ಸಲ ಬಂದದ್ದು ರಕ್ತದೊತ್ತಡದ ಮಾತ್ರೆ. ಎಲ್ಲೋ ದೂರದ ಒಂದು ಕಂಪನಿಯದು. ಮಾತ್ರೆಗಳನ್ನು ಆರು ತಿಂಗಳು ಬಿಸಿಯೂ ತೇವವೂ ಇರುವ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಅಂಗಡಿಯ ಕಪಾಟಿನಲ್ಲಿ ಎರಡು ವರ್ಷ ಕೂತರೆ ಮಾತ್ರೆ ಏನಾಗುತ್ತದೆ ಎಂಬುದು ಆ ಪೆಟ್ಟಿಗೆಯಲ್ಲಿ ಆರು ತಿಂಗಳಿಗೇ ತಿಳಿಯುತ್ತದೆ. ಈರೇಶನ ಕೆಲಸ ಅದನ್ನು ಪುಡಿ ಮಾಡಿ, ಕರಗಿಸಿ, ಮಷೀನಿಗೆ ಹಾಕುವುದು. ಮಷೀನಿನೊಳಗಿನ ಸಣ್ಣ ಉಕ್ಕಿನ ಕೊಳವೆಯನ್ನು ಹಾಯ್ದು ಮಾತ್ರೆಯೊಳಗಿನ ಒಂದೊಂದು ವಸ್ತುವೂ ತನ್ನ ತನ್ನ ಹೊತ್ತಿಗೆ ಹೊರಗೆ ಬರುತ್ತದೆ. ಬಂದಾಗ ತೆರೆಯ ಮೇಲಿನ ಗೆರೆ ಮೇಲೆದ್ದು ಇಳಿಯುತ್ತದೆ. ಏಳನೆಯ ನಿಮಿಷಕ್ಕೆ ಔಷಧ ಎದ್ದಿತು, ಗುಡ್ಡದ ಹಾಗೆ. ಮೂರಕ್ಕೆ ಒಂದು, ಒಂಬತ್ತಕ್ಕೆ ಒಂದು ಸಣ್ಣ ಉಬ್ಬು. ಅವು ಹೆಸರು ಗೊತ್ತಿದ್ದವು, ಹಿಂದೆಯೂ ಕಂಡವು. ಹನ್ನೆರಡನೆಯ ನಿಮಿಷಕ್ಕೆ ಎದ್ದ ದಿಬ್ಬ ಮಾತ್ರ ಯಾರೂ ಕಂಡದ್ದಲ್ಲ.

ಲೆಕ್ಕ ಹಾಕಿದರೆ ಅದು ಸಾವಿರದಲ್ಲಿ ಎರಡೂ ಮುಕ್ಕಾಲು ಪಾಲಿನಷ್ಟಿತ್ತು. ಎರಡು ಪಾಲಿನೊಳಗೆ ಇದ್ದಿದ್ದರೆ ಹೆಸರಿಲ್ಲದಿದ್ದರೂ ನಡೆಯುತ್ತಿತ್ತು. ಎರಡು ದಾಟಿದರೆ ಅದು ಏನು, ಎಲ್ಲಿಂದ ಬಂತು, ಯಾವ ಆಕಾರ, ಮನುಷ್ಯನ ಮೈಯಲ್ಲಿ ಏನು ಮಾಡುತ್ತದೆ ಎಂದು ಬೆನ್ನು ಹತ್ತಿ ಹುಡುಕಲೇಬೇಕು. ಅಷ್ಟು ಚೂರಿಗೆ ಅಷ್ಟು ಯಾಕೆ ಎಂದರೆ, ಇದು ಒಂದು ದಿನ ನುಂಗಿ ಬಿಡುವ ಮಾತ್ರೆಯಲ್ಲ. ಬೆಳಗ್ಗೆ ಎದ್ದು ಒಂದು, ಮರುದಿನ ಎದ್ದು ಇನ್ನೊಂದು. ಇಪ್ಪತ್ತು ವರ್ಷ ನುಂಗುವ ಮನುಷ್ಯ ಆ ಚೂರನ್ನು ಏಳು ಸಾವಿರ ಸಲ ನುಂಗಿರುತ್ತಾನೆ. ಇದನ್ನೆಲ್ಲ ಈರೇಶ ಹೊಸಬರಿಗೆ ಪಾಠದಂತೆ ಹೇಳಿಕೊಟ್ಟವನೇ.

"ರಿಪೋರ್ಟ್ ಶುಕ್ರವಾರ ಹೋಗ್ಬೇಕು ಈರೇಶ್," ಎಂದರು ಲ್ಯಾಬಿನ ಮುಖ್ಯಸ್ಥೆ ರೇವತಿ. "ಕಂಪನಿಯವರು ಬೆಳಗ್ಗೆಯಿಂದ ಮೂರು ಸಲ ಫೋನ್ ಮಾಡಿದ್ರು. ಕಾರಣ ಏನು ಅಂತ ನೋಡಿ, ನೀಟಾಗಿ ಕ್ಲೋಸ್ ಮಾಡಿ."

ಕ್ಲೋಸ್ ಮಾಡಿ ಎಂಬ ಮಾತಿಗೆ ಅಲ್ಲಿ ಒಂದು ದಾರಿ ಸವೆದಿತ್ತು. ಪಕ್ಕದ ಮೇಜಿನ ಸೈಫ್ ತೆರೆಯತ್ತ ಒಮ್ಮೆ ಬಗ್ಗಿ ನೋಡಿ ಅದನ್ನೇ ಹೇಳಿದ.

"ಗಾಜಿನ ಮೇಲೆ ಹಾಕು ಗುರು. ಫ್ಲಾಸ್ಕ್ ಸರಿಯಾಗಿ ತೊಳೆದಿರ್ಲಿಲ್ಲ, ಅದ್ರ ಕೊಳೆ ಬಂತು. ಮುಗೀತು. ಗಾಜು ಎದ್ದು ಬಂದು ಸಾಕ್ಷಿ ಹೇಳುತ್ತಾ?"

"ಎರಡನೇ ಸಲ ಬೇರೆ ಫ್ಲಾಸ್ಕ್‌ನಲ್ಲಿ ಮಾಡಿದ್ರೂ ಬಂತಲ್ಲ ಮಗಾ."

"ಬಂತು ಅಂದ್ರೆ? ಬೇಸ್‌ಲೈನ್ ನೀನು ಎಲ್ಲಿ ಎಳೀತೀಯೋ ಅಷ್ಟೇ ಬರೋದು."

ಸೈಫ್ ನಗುತ್ತಾ ತನ್ನ ಕೆಲಸಕ್ಕೆ ತಿರುಗಿದ. ಅವನು ಹೇಳಿದ್ದು ತಮಾಷೆಗೋ ನಿಜಕ್ಕೋ ಈರೇಶ ಕೇಳಲಿಲ್ಲ. ಎರಡನೇ ಸಲದ ದಿಬ್ಬದ ಬುಡದಲ್ಲಿ ಮಷೀನು ತಾನೇ ಎಳೆದಿದ್ದ ತಳಗೆರೆಯನ್ನು ಅಳಿಸಿ, ಕೈಯಿಂದ ಇನ್ನೊಂದು ಎಳೆದ. ಬುಡಕ್ಕಲ್ಲ, ಸೊಂಟಕ್ಕೆ; ಗೆರೆಯ ಮೇಲಿನದಷ್ಟೇ ಲೆಕ್ಕಕ್ಕೆ ಬರುತ್ತದೆ. ಊರಲ್ಲಿ ನೇಗಿಲು ಹೊಡೆಯುವಾಗ ಪಕ್ಕದವರ ಬದುವನ್ನು ವರ್ಷಕ್ಕೊಂದು ಗೇಣು ಒತ್ತಿಕೊಳ್ಳುವವರನ್ನು ಅವನು ನೋಡಿದ್ದ. ಅವರ ಮುಖದಲ್ಲಿ ಆಗ ಏನೂ ಇರುತ್ತಿರಲಿಲ್ಲ. ಎತ್ತು ನೋಡಿಕೊಂಡು ನಡೆಯುತ್ತಿದ್ದರು. ಈಗ ತನ್ನ ಮುಖವೂ ಹಾಗೇ ಇದ್ದೀತು ಎಂದುಕೊಂಡ. ದಿಬ್ಬ ಸಾವಿರದಲ್ಲಿ ಒಂದೂ ಮುಕ್ಕಾಲು ಪಾಲಿಗೆ ಇಳಿಯಿತು.

ಆದರೆ ಮೊದಲ ಸಲ ಬಂದ ಅಂಕಿ ಮಷೀನಿನ ನೆನಪಿನಲ್ಲಿ ಉಳಿದೇ ಇರುತ್ತದೆ. ಅದಕ್ಕೊಂದು ಕಾರಣ ಬರೆಯಬೇಕು. ಅವನು ಬರೆದ: ಫ್ಲಾಸ್ಕುಗಳನ್ನು ಮೂರನೆಯ ಸಲ ಜಾಲಾಡಿರಲಿಲ್ಲ, ಅದರ ಉಳಿಕೆಯಿಂದ ಹೀಗಾಗಿದೆ. ಪರಿಹಾರ: ತೊಳೆಯುವವರಿಗೆ ಮತ್ತೆ ತರಬೇತಿ. ತರಬೇತಿಯ ಹಾಳೆಯ ಕೆಳಗೆ ತೊಳೆಯುವವರ ಸಹಿ ಬೇಕಿತ್ತು. ಸಹಿಯ ಮೇಲಿನ ಸಾಲಿನಲ್ಲಿ, ನನ್ನ ಅಜಾಗರೂಕತೆಯಿಂದ ತಪ್ಪಾಗಿದೆ, ಒಪ್ಪಿಕೊಂಡಿದ್ದೇನೆ ಎಂದು ಇಂಗ್ಲಿಷಿನಲ್ಲಿತ್ತು. ಹಳೆಯ ಹಾಳೆಯಿಂದ ನಕಲು ಮಾಡಿದ ಸಾಲು ಅದು.

ಅವನು ಹಾಳೆ ಹಿಡಿದು ತೊಳೆಯುವ ಕೋಣೆಗೆ ಹೋದ. ಅಲ್ಲಿ ಅವರಿಬ್ಬರೇ ಇದ್ದರು.

"ಇದೇನ ತಮ್ಮಾ?"

"ಟ್ರೈನಿಂಗ್ ಹಾಳಿ, ಚಿಗವ್ವ. ಆಗಾಗ ಇರ್ತದಲ್ಲ, ಅದ."

ಲ್ಯಾಬಿನ ಗೋಡೆಗಳೊಳಗೆ ಅವನು ಅವಳನ್ನು ಚಿಗವ್ವ ಎಂದದ್ದು ಅದೇ ಮೊದಲು. ಆಡಿದ ಮೇಲೆ ಅವನಿಗೇ ಗೊತ್ತಾಯಿತು. ಅವಳ ಮುಖ ಅರಳಿತು.

"ಏನಂತ ಬರದಾರ ಇದ್ರಾಗ?"

"ಗಾಜು ಹೆಂಗ ತೊಳೀಬೇಕಂತ ಹೇಳೀವಿ, ನಿನಗ ತಿಳದದ ಅಂತ. ಅಷ್ಟ."

"ಏಳ ವರ್ಷ ಆದ ಮ್ಯಾಲ ಹೇಳಕೊಡ್ತೀರಿ? ಚಲೋ ಆತು ಬಿಡು, ಕಲೀತೀನಿ." ಅವಳು ನಕ್ಕು, ಕೈಯನ್ನು ಸೆರಗಿಗೆ ಎರಡು ಸಲ ಒರೆಸಿಕೊಂಡು, ಪೆನ್ನು ತಗೊಂಡಳು. ರಾತ್ರಿಶಾಲೆಯಲ್ಲಿ ಕಲಿತ ಅಕ್ಷರ. "ಜ" ಸಲೀಸಾಗಿ ಬಂತು. "ಟ್ಟೆ"ಗೆ ಬರುವಾಗ ನಾಲಿಗೆ ಹಲ್ಲಿನ ನಡುವೆ ಬಂತು. ಒತ್ತಕ್ಷರ ಸರಿಯಾಗಿ ಬಿದ್ದಿದೆಯೇ ಎಂದು ಒಮ್ಮೆ ನೋಡಿಕೊಂಡು, ಹಾಳೆಗೆ ಒದ್ದೆ ತಾಗದಂತೆ ಎರಡು ಬೆರಳಲ್ಲಿ ಎತ್ತಿ ಅವನ ಕೈಗೆ ಕೊಟ್ಟಳು.

ರಿಪೋರ್ಟು ಶುಕ್ರವಾರವೇ ಹೋಯಿತು.

ಹತ್ತು ಹನ್ನೊಂದು ದಿನ ಕಳೆದಿರಬೇಕು. ಬೆಳಗ್ಗೆ ಬಂದಾಗ ಸಿಂಕಿನ ಮುಂದೆ ಬೇರೆ ಯಾರೋ ನಿಂತಿದ್ದರು. ಜಟ್ಟೆಮ್ಮ ಎಲ್ಲಿ ಎಂದರೆ ಕಾಂಟ್ರಾಕ್ಟರ್ ಮುನಿರಾಜಪ್ಪನನ್ನು ಕೇಳಿ ಎಂದರು. ತೊಳೆಯುವವರು, ಗುಡಿಸುವವರು, ಬಾಗಿಲು ಕಾಯುವವರು ಎಲ್ಲ ಅವನ ಕಡೆಯಿಂದ ಬರುವವರು. ಮುನಿರಾಜಪ್ಪ ಗೇಟಿನ ಹತ್ತಿರ ಸಿಕ್ಕ.

"ಏನ್ ಮಾಡೋದು ಸಾರ್, ವರ್ಷದಲ್ಲಿ ಮೂರು ಹಾಳೆ ಆಯ್ತಲ್ಲ ಆ ಯಮ್ಮಂದು. ಮೂರು ಸಲ ತಪ್ಪು ಒಪ್ಕೊಂಡ್ರೆ ಬದಲಾಯಿಸಬೇಕು ಅಂತ ನಿಮ್ಮೋರೇ ಬರೆಸ್ಕೊಂಡಿದ್ದಾರೆ ನನ್ನತ್ರ. ನಂಗೂ ಬೇಜಾರೇ. ಒಳ್ಳೆ ಹೆಂಗಸು."

ಮೂರರ ಆ ನಿಯಮ ಈರೇಶನಿಗೆ ಗೊತ್ತಿರಲಿಲ್ಲ. ಮೊದಲಿನ ಎರಡು ಹಾಳೆ ಬೇರೆ ಯಾರೋ ಬರೆದದ್ದು. ಈ ಎರಡು ಮಾತನ್ನು ಅವನು ಅಂದು ದಿನವಿಡೀ ತನಗೆ ತಾನೇ ಹೇಳಿಕೊಂಡ. ಸಂಜೆ ಬಸ್ ಇಳಿದ ಮೇಲೆ ಅವಳ ಗಲ್ಲಿಯ ಮುಂದೆ ಹಾಯದೆ, ಮಾರ್ಕೆಟ್ಟಿನ ಹಿಂದಿನಿಂದ ಸುತ್ತಿ ರೂಮಿಗೆ ಹೋದ. ಮರುದಿನವೂ ಹಾಗೇ. ಆ ದಾರಿ ಹತ್ತು ನಿಮಿಷ ಹೆಚ್ಚಾಗುತ್ತಿತ್ತು.

ಭಾನುವಾರ ಬೆಳಗ್ಗೆ ಅವಳೇ ಬಂದಳು. ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಕೂತಳು, ಒಳಗೆ ಬಾ ಎಂದರೂ ಬರಲಿಲ್ಲ. ಕೈಯಲ್ಲಿ ರೊಟ್ಟಿಯ ಗಂಟು ಇತ್ತು. ಅವನೂ ಎದುರಿಗೆ ಕೆಳಗೇ ಕೂತ.

"ಈ ವಾರ ಬರಲಿಲ್ಲ ನೀ. ಮೈಯಾಗ ಆರಾಮ ಅದ ಇಲ್ಲೋ ಅಂತ ನೋಡಿ ಹೋಗೂಣಂತ ಬಂದೆ," ಎಂದಳು. ಗಂಟನ್ನು ಮಡಿಲಿಗೆ ಎಳೆದುಕೊಂಡು, "ಆ ಹಾಳ್ಯಾಗ ನಾ ತಪ್ಪ ಒಪ್ಕೊಂಡೀನಂತಲ್ಲ ತಮ್ಮಾ. ಮೂರನೇ ಸಲ ಜಾಲಾಡಿಲ್ಲ ಅಂತ. ಮುನಿರಾಜಪ್ಪ ಓದಿ ಹೇಳಿದ."

ಈರೇಶ ರೊಟ್ಟಿಯ ಗಂಟಿನತ್ತಲೇ ನೋಡುತ್ತಿದ್ದ.

"ನಾ ಅಂದೆ, ನಮ್ಮ ಈರೇಶ ಹಂಗ ಬರದಿಲ್ಲ ಅದನ್ನ. ಅವಂಗೂ ಯಾರೋ ಬರದ ಕೊಟ್ಟಾರ, ಅವ ತಂದಾನ. ನೀನೂ ಪೂರಾ ಓದಿರಲಿಕ್ಕಿಲ್ಲ. ಹೌದಲ್ಲ?"

ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಅನುಮಾನ ಇದ್ದಿದ್ದರೆ ಅವನು ನಿಜ ಹೇಳಿಬಿಡುತ್ತಿದ್ದನೋ ಏನೋ. ಅನುಮಾನ ಇರಲಿಲ್ಲ. ಅವನು ದಾಟಲೆಂದು ಅವಳೇ ಒಂದು ಹಲಗೆ ಹಾಕಿಕೊಟ್ಟಿದ್ದಳು.

"ಹೌದ ಚಿಗವ್ವ," ಎಂದ. "ಪೂರಾ ಓದಿರಲಿಲ್ಲ ನಾ."

"ನಾ ಅಂದೆನಿಲ್ಲ?" ಅವಳಿಗೆ ಅದೊಂದು ಸಮಾಧಾನ ಆದಂತೆ ಕಂಡಿತು. "ಹಂಗಾದ್ರ ನೀ ಒಂದ ಕೆಲಸ ಮಾಡು. ನಾ ತೊಳದ ಗಾಜು ಇನ್ನೂ ಕಪಾಟಿನ್ಯಾಗ ಇರ್ತಾವ. ಅದನ್ನ ಜಾಲಾಡಿ ಆ ನೀರ ನಿನ್ನ ಮಿಷನ್ನಿಗೆ ಹಾಕು. ಹೊಲಸಿದ್ರ ಅದ್ರಾಗ ಬೀಳ್ತದಲ್ಲ? ಬಿದ್ರ ನಾ ಸುಮ್ನ ಮನ್ಯಾಗ ಕೂಡ್ತೀನಿ. ಬೀಳಲಿಲ್ಲಂದ್ರ ನೀ ಹೇಳು ಅವರಿಗೆ."

ಗಂಟು ಅವನ ಪಕ್ಕಕ್ಕೆ ಇಟ್ಟು, ಮೊಣಕಾಲಿಗೆ ಕೈ ಊರಿ ಎದ್ದು ಹೋದಳು. ಆ ರೊಟ್ಟಿಯನ್ನು ಅವನು ತಿನ್ನಲೂ ಆಗಲಿಲ್ಲ, ಬಿಸಾಡಲೂ ಆಗಲಿಲ್ಲ. ಸೋಮವಾರ ಬೆಳಗ್ಗೆ ಎದ್ದಾಗ ಗಂಟಿನ ಬಟ್ಟೆಗೆ ಇರುವೆ ಹತ್ತಿದ್ದವು.

ಅವಳು ಹೇಳಿದ್ದು ನಿಜ. ತೊಳೆದ ಗಾಜಿನ ಕಪಾಟಿನಲ್ಲಿ ಅದೇ ದಿನದ ಚೀಟಿ ಕಟ್ಟಿದ ಫ್ಲಾಸ್ಕುಗಳು ಇನ್ನೂ ನಾಲ್ಕು ಉಳಿದಿದ್ದವು. ಅದನ್ನು ಮಾಡುವುದಕ್ಕೆ ಅರ್ಧ ಗಂಟೆ ಸಾಕಿತ್ತು. ಆ ಕಾರಣ ಬರೆಯುವ ಮೊದಲು ಅವನು ಮಾಡಬೇಕಿದ್ದ ಮೊದಲ ಕೆಲಸವೇ ಅದು; ಲ್ಯಾಬಿನ ನಿಯಮದ ಪುಸ್ತಕದ ಮೊದಲ ಪುಟದಲ್ಲೇ ಇದೆ. ಅವನು ಒಂದು ಫ್ಲಾಸ್ಕು ಇಳಿಸಿ, ಮಾತ್ರೆ ಕರಗಿಸುವ ದ್ರಾವಕವನ್ನಷ್ಟೇ ಹಾಕಿ ಅಲುಗಿಸಿ, ಅದನ್ನು ಮಷೀನಿಗೆ ಕೊಟ್ಟು ತೆರೆಯ ಮುಂದೆ ಕೂತ.

ಮೂರನೆಯ ನಿಮಿಷ ಹೋಯಿತು. ಏಳು ಹೋಯಿತು. ಒಂಬತ್ತು. ಗೆರೆ ತೆನೆ ಒಕ್ಕಿ ಗುಡಿಸಿದ ಕಣದ ಹಾಗೆ ಸಪಾಟಾಗಿ ಓಡುತ್ತಿತ್ತು. ಹನ್ನೊಂದಾಯಿತು. ಒಂದು ಸಣ್ಣ ಉಬ್ಬಾದರೂ ಏಳಲಿ ಎಂದು ತನ್ನ ಮನಸ್ಸು ಬೇಡುತ್ತಿದೆ ಎಂಬುದನ್ನು ಅವನು ಆಗ ಕಂಡುಕೊಂಡ. ಎದ್ದರೆ ತನ್ನದು ಸುಳ್ಳಾಗುವುದಿಲ್ಲ; ಆ ಹೆಂಗಸು ಮನೆಯಲ್ಲಿ ಕೂರುತ್ತಾಳೆ, ತಾನು ಉಳಿಯುತ್ತೇನೆ. ಹನ್ನೆರಡು ಬಂತು, ಹೋಯಿತು. ಹದಿಮೂರು. ಏನೂ ಏಳಲಿಲ್ಲ.

"ಏನ್ ಮಗಾ, ಖಾಲಿ ಓಡಿಸ್ತಿದ್ದೀಯ?" ಎಂದ ಸೈಫ್.

"ಫ್ಲಾಸ್ಕ್ ನೋಡ್ತಿದ್ದೆ. ಜಟ್ಟೆಮ್ಮ ತೊಳೆದಿದ್ದು."

ಸೈಫ್ ತೆರೆಯನ್ನೂ ಇವನ ಮುಖವನ್ನೂ ನೋಡಿದ. ಅವನ ನಗು ಇಳಿಯಿತು. "ರಿಪೋರ್ಟ್ ಹೋಗಿ ಆಯ್ತಲ್ಲೋ," ಎಂದ ಮೆಲ್ಲಗೆ. "ಈಗ್ಯಾಕೆ ಕೆದಕ್ತೀಯ?"

ಈರೇಶ ಆ ತೇವದ ಪೆಟ್ಟಿಗೆಯಿಂದ ಎರಡು ಮಾತ್ರೆ ತೆಗೆದು ಅದೇ ದಿನದ ಇನ್ನೊಂದು ಫ್ಲಾಸ್ಕಿನಲ್ಲಿ ಮತ್ತೆ ಕರಗಿಸಿದ. ಹನ್ನೆರಡನೆಯ ನಿಮಿಷಕ್ಕೆ ದಿಬ್ಬ ಎದ್ದಿತು. ಈಗ ಸಾವಿರದಲ್ಲಿ ಮೂರು ಪಾಲು. ಅದು ಗಾಜಿನದಲ್ಲ, ಮಾತ್ರೆಯದು. ತೇವದಲ್ಲಿ ಕೂತಷ್ಟೂ ಬೆಳೆಯುತ್ತಿತ್ತು. ತಳಗೆರೆಯನ್ನು ಅವನು ಮುಟ್ಟಲಿಲ್ಲ. ಈ ಎರಡು ಹಾಳೆಗಳನ್ನೂ ಗೆರೆ ಬದಲಿಸಿದ ಹಳೆಯ ಹಾಳೆಯನ್ನೂ ತೆಗೆದುಕೊಂಡು ಮೇಲಿನ ಮಹಡಿಗೆ ಹೋದ.

ಮೇಲೆ ಇನಾಯತ್ ಉಲ್ಲಾ ಕೂರುತ್ತಿದ್ದರು. ಯಾವ ರಿಪೋರ್ಟಿಗಾದರೂ ಕಡೆಯ ಸಹಿ ಅವರದು. ಶಿವಾಜಿನಗರದಿಂದ ಹಳೆಯ ಸ್ಕೂಟರಿನಲ್ಲಿ ಬರುವ, ಅರವತ್ತು ದಾಟಿದ ಮನುಷ್ಯ. ಯಾರ ಮೇಲೂ ದನಿ ಏರಿಸಿದವರಲ್ಲ. ಈರೇಶ ನಿಂತುಕೊಂಡೇ ಎಲ್ಲ ಹೇಳಿದ. ಅವರು ಕನ್ನಡಕ ಏರಿಸಿ ಮೂರು ಹಾಳೆಗಳನ್ನು ಸಾಲಾಗಿ ಇಟ್ಟುಕೊಂಡರು.

"ಈ ಬೇಸ್‌ಲೈನ್ ಕೈಯಲ್ಲಿ ಎಳೆದಿದ್ದು ಯಾರು?"

"ನಾನೇ ಸರ್."

"ಮಷೀನ್ ಎಳೆದಿದ್ದು ಸರಿಯಿತ್ತಾ?"

"ಸರಿಯಿತ್ತು ಸರ್."

"ಯಾರಾದ್ರೂ ಹೇಳಿದ್ರಾ ಹಿಂಗೆ ಮಾಡು ಅಂತ? ರೇವತಿ ಮೇಡಂ?"

ಹೌದು ಎನ್ನುವುದು ಸುಲಭವಿತ್ತು. ಅರ್ಧ ನಿಜವೂ ಆಗುತ್ತಿತ್ತು. "ಬೇಗ ಮುಗಿಸಿ ಅಂದ್ರು ಸರ್. ಹಿಂಗೆ ಮಾಡಿ ಅಂತ ಯಾರೂ ಹೇಳ್ಲಿಲ್ಲ."

"ಆ ಅಮ್ಮನಿಗೆ ಹಾಳೆ ಓದಿ ಹೇಳಿದ್ಯಾ ಬೇಟಾ, ಸೈನ್ ತಗೊಳ್ಳೋ ಮುಂಚೆ?"

"ಹೇಳಿದೆ ಸರ್. ಅದರಲ್ಲಿ ಇದ್ದಿದ್ದು ಹೇಳ್ಲಿಲ್ಲ. ಬೇರೆ ಹೇಳಿದೆ."

ಇನಾಯತ್ ಉಲ್ಲಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಳಗೆ ರಸ್ತೆಯಲ್ಲಿ ಟ್ಯಾಂಕರಿನ ಹಾರ್ನು ಕೇಳಿಸುತ್ತಿತ್ತು. ಬೈದಿದ್ದರೆ ನಿಂತುಕೊಳ್ಳುವುದು ಸುಲಭವಾಗುತ್ತಿತ್ತು.

"ಕೆಳಗಿನ ಸೈನ್ ನಂದು," ಎಂದರು ಕೊನೆಗೆ. "ಗಾಜು ಅಂತ ಬರೆದಿದ್ರೆ ನಾನು ಮುಂದೆ ಓದೋದೇ ಬಿಟ್ಟಿದ್ದೆ. ಎಷ್ಟು ವರ್ಷದಿಂದ ಅಂತ ನೆನಪಿಲ್ಲ. ಕೂತ್ಕೋ. ನಡೆದಿದ್ದು ನಡೆದ ಹಾಗೆ ಬರಿ. ಯಾರ ಹೆಸರೂ ಬೇಡ, ನಿಂದು ಸಾಕು. ನಂದು ನಾನು ಬರೀತೀನಿ."

ಆಮೇಲಿನ ದಿನಗಳು ನಿಧಾನವಾಗಿ ಹೋದವು. ಕಂಪನಿಗೆ ಪತ್ರ ಹೋಯಿತು, ಹಳೆಯ ರಿಪೋರ್ಟು ಹಿಂದಕ್ಕೆ ಬಂತು. ಈರೇಶನನ್ನು ಮಷೀನುಗಳಿಂದ ತೆಗೆದು, ಕೆಳಗೆ ಬರುವ ಪಾರ್ಸಲ್ಲುಗಳನ್ನು ಬಿಚ್ಚಿ ನಂಬರು ಹಚ್ಚುವ ಕಡೆ ಕೂರಿಸಿದರು. ಆರು ತಿಂಗಳು ಅಲ್ಲೇ. ಆಮೇಲೆ ನೋಡೋಣ ಎಂದರು ರೇವತಿ, ಅವನ ಕಡೆ ನೋಡದೆ. ಜಟ್ಟೆಮ್ಮನನ್ನು ಕರೆಸುವುದಕ್ಕೆ ಮಾತ್ರ ತಡವಾಯಿತು. ದಿಬ್ಬದ ವಿಚಾರಣೆ ಮುಗಿಯದೆ ಅವಳ ಹಾಳೆ ರದ್ದು ಮಾಡುವಂತಿಲ್ಲ ಎಂದು ನಿಯಮವಂತೆ. ಈರೇಶ ಆ ವಾರಗಳಲ್ಲಿ ಅವಳ ಗಲ್ಲಿಯ ಮುಂದೆಯೇ ಹಾಯ್ದು ಹೋಗುತ್ತಿದ್ದ. ಒಳಗೆ ಹೋಗುವ ಧೈರ್ಯ ಬರಲಿಲ್ಲ. ಒಂದು ಸಂಜೆ ಬಾಗಿಲಲ್ಲಿ ಕಾವೇರಿ ನಿಂತಿದ್ದಳು. "ಅವ್ವ ಮನೇಲಿಲ್ಲ ಅಣ್ಣ," ಎಂದಳು. "ಲಿಂಗರಾಜಪುರದಲ್ಲಿ ಒಂದು ಮನೆ ಪಾತ್ರೆ ಕೆಲಸ ಹಿಡಿದಾಳೆ. ಏಳು ಗಂಟೆ ಆಗುತ್ತೆ ಬರೋದು. ನೀವು ಮಿಷನ್ನಲ್ಲಿ ನೋಡಿದ್ರಾ ಅಂತ ದಿನಾ ಕೇಳ್ತಾಳೆ."

"ನೋಡಿದೆ ಅಂತ ಹೇಳು," ಎಂದ. "ಏನೂ ಬೀಳ್ಲಿಲ್ಲ ಅಂತ ಹೇಳು." ಮಿಕ್ಕದ್ದು ಅವನ ಬಾಯಿಗೆ ಬರಲಿಲ್ಲ.

ದಿಬ್ಬದ ಮಾದರಿ ದೊಡ್ಡದೊಂದು ಲ್ಯಾಬಿಗೆ ಹೋಗಿ, ಅಲ್ಲಿ ಅದರ ಕಣದ ತೂಕ ತೂಗಿ, ಆಕಾರ ಕಂಡುಹಿಡಿದರು. ಮಾತ್ರೆ ಗಟ್ಟಿಯಾಗಿ ನಿಲ್ಲಲೆಂದು ಬೆರೆಸುವ ಹಾಲಿನ ಸಕ್ಕರೆ ತೇವದಲ್ಲಿ ಔಷಧದ ಜೊತೆಗೇ ಕೂಡಿಕೊಂಡು ಹೊಸದೊಂದು ವಸ್ತು ಆಗಿತ್ತು. ಅದು ಮೈಗೆ ಏನು ಮಾಡುತ್ತದೆ ಎಂದು ತೂಗಿ ನೋಡುವ ಕೆಲಸ ಹಂಸ ಎಂಬ ವಿಷಶಾಸ್ತ್ರದ ಪರಿಣತರದು. ಅವರು ಮೂರು ವಾರ ತೆಗೆದುಕೊಂಡರು. ಆ ಆಕಾರದ ವಸ್ತುಗಳು ಹಿಂದೆ ಎಲ್ಲೆಲ್ಲಿ ಏನೇನು ಮಾಡಿವೆ ಎಂದು ಹುಡುಕಿ, ಜೀವಕೋಶದ ಒಳಗಿನ ವಂಶವಾಹಿಯನ್ನು ಕೆಡಿಸುವ ಗುರುತು ಏನಾದರೂ ಇದೆಯೇ ಎಂದು ನೋಡಿ, ಕೊನೆಗೆ ಬರೆದರು: ಇಷ್ಟು ಪ್ರಮಾಣದಲ್ಲಿ ದಿನವೂ ಜೀವಮಾನವಿಡೀ ನುಂಗಿದರೂ ಅಪಾಯ ಕಾಣುವುದಿಲ್ಲ. ಆದರೆ ಇದಕ್ಕೆ ಮೇಲ್ಮಿತಿ ಒಂದು ಗೊತ್ತುಮಾಡಬೇಕು. ಮಾತ್ರೆಯನ್ನು ತೇವ ಹೊಗದ ಹಾಳೆಯಲ್ಲಿ ಪ್ಯಾಕ್ ಮಾಡಬೇಕು.

"ನೋಡ್ದಾ ಗುರು," ಎಂದ ಸೈಫ್, ಪಾರ್ಸಲ್ಲಿನ ಕೋಣೆಗೇ ಇಳಿದು ಬಂದು. "ಏನೂ ಇಲ್ಲ ಅದ್ರಲ್ಲಿ. ಹಾಲಿನ ಸಕ್ಕರೆಯಂತೆ. ಸುಮ್ನೆ ತಲೆ ಕೆಡಿಸ್ಕೊಂಡು ಎಲ್ಲಾ ಹಾಳ್ಮಾಡ್ಕೊಂಡೆ."

ಈರೇಶನ ಎದೆ ಒಂದು ಗಳಿಗೆ ಹಗುರಾಯಿತು. ಯಾರಿಗೂ ಏನೂ ಆಗುತ್ತಿರಲಿಲ್ಲ. ಆ ಹಗುರ ಅವನಿಗೇ ಅಸಹ್ಯವಾಯಿತು. ಮಧ್ಯಾಹ್ನ ಕಾಗದ ಕೊಡಲು ಮೇಲೆ ಹೋದಾಗ ಇನಾಯತ್ ಉಲ್ಲಾ ಅವನ ಮುಖ ನೋಡಿ, ಕೇಳದಿದ್ದರೂ ಹೇಳಿದರು:

"ಅಪಾಯ ಇಲ್ಲ ಅಂತ ಇವತ್ತು ಗೊತ್ತಾಯ್ತು. ನೀನು ಗೆರೆ ಎಳೆದ ದಿನ ಗೊತ್ತಿರ್ಲಿಲ್ಲ. ನಂಗೂ ಗೊತ್ತಿರ್ಲಿಲ್ಲ, ಸೈನ್ ಮಾಡ್ದೆ. ಅಷ್ಟು ನೆನಪಿರ್ಲಿ."

ಮರುದಿನ ಜಟ್ಟೆಮ್ಮನನ್ನು ಕರೆಸಿದರು. ಮುನಿರಾಜಪ್ಪನೇ ಕರೆದುಕೊಂಡು ಬಂದ. ಇಸ್ತ್ರಿ ಮಾಡಿದ ಸೀರೆ ಉಟ್ಟು, ಚಪ್ಪಲಿ ಹೊರಗೆ ಬಿಟ್ಟು, ರೇವತಿಯವರ ಕೋಣೆಯ ಕುರ್ಚಿಯ ಅಂಚಿನಲ್ಲಿ ಕೂತಳು. ಆ ಕೋಣೆಯೊಳಗೆ ಅವಳು ಏಳು ವರ್ಷದಲ್ಲಿ ಒಮ್ಮೆಯೂ ಕೂತಿರಲಿಲ್ಲ. ಮೇಜಿನ ಮೇಲೆ ಈರೇಶ ಬರೆದುಕೊಟ್ಟ ಎರಡು ಪುಟ ಇತ್ತು. ಅದನ್ನು ಅವಳಿಗೆ ಓದಿ ಹೇಳಿ, ಅವಳಿಗೆ ಗೊತ್ತಾಯಿತು ಎಂದು ಕೆಳಗೆ ಸಹಿ ಹಾಕಿಸಿದರೆ ಹಳೆಯ ಹಾಳೆ ರದ್ದು, ಸೋಮವಾರದಿಂದ ಕೆಲಸ. ಓದುವವನು ಈರೇಶನೇ ಆಗಬೇಕು ಎಂದು ಇನಾಯತ್ ಉಲ್ಲಾ ಹೇಳಿದ್ದರು.

ಅವನು ಹಾಳೆ ಎತ್ತಿಕೊಂಡ. ಏನು ಬರೆದಿದೆ ಎಂದು ಅವಳಿಗೆ ಇನ್ನೂ ಗೊತ್ತಿಲ್ಲ ಎಂದೇ ಅವನು ತಿಳಿದಿದ್ದ. ಆದರೆ ಅವಳು ಅವನನ್ನು ನೋಡಿದ ರೀತಿಯಲ್ಲಿ ಗೊತ್ತಾಯಿತು: ಮುನಿರಾಜಪ್ಪ ದಾರಿಯಲ್ಲಿ ಎಲ್ಲ ಹೇಳಿದ್ದ.

"ನೀ ಓದಬ್ಯಾಡ," ಎಂದಳು ಜಟ್ಟೆಮ್ಮ. ಸಿಟ್ಟಿನಿಂದಲ್ಲ. "ನನ್ನ ಮಗಳು ಬರ್ತಾಳ. ಬಸ್ಸಿನ್ಯಾಗ ಅದಾಳ. ಅಕಿ ಓದ್ಲಿ."

"ಕಾಲೇಜ್ ಬಿಟ್ಟು ಅವಳು ಯಾಕೆ ಬರ್ಬೇಕು ಜಟ್ಟೆಮ್ಮ," ಎಂದರು ರೇವತಿ. "ನಾನೇ ಓದಿ ಹೇಳ್ತೀನಿ, ಐದು ನಿಮಿಷ."

"ಬರ್ತಾಳ್ರೀ ಮೇಡಂ. ಕಾಯ್ತೀನಿ."

ಕಾಯ್ದರು. ರೇವತಿ ಗಡಿಯಾರ ನೋಡಿದರು, ಫೋನು ನೋಡಿದರು, ಮತ್ತೆ ಗಡಿಯಾರ ನೋಡಿದರು. ಮುನಿರಾಜಪ್ಪ ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಇನಾಯತ್ ಉಲ್ಲಾ ಕೈ ಕಟ್ಟಿ ಸುಮ್ಮನೆ ಕೂತಿದ್ದರು. ಈರೇಶ ನಿಂತೇ ಇದ್ದ. ಕೂರು ಎಂದು ಯಾರೂ ಹೇಳಲಿಲ್ಲ, ಹೇಳಿದ್ದರೂ ಕೂರಲಾಗುತ್ತಿರಲಿಲ್ಲ. ಜಟ್ಟೆಮ್ಮ ತನ್ನ ಎರಡೂ ಅಂಗೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಅವನ್ನೇ ನೋಡುತ್ತಿದ್ದಳು. ಒಮ್ಮೆ ಮಾತ್ರ ತಲೆ ಎತ್ತಿ ಕೇಳಿದಳು:

"ಗುಳಿಗ್ಯಾಗ ಏನೋ ಕಂಡಿತ್ತಂತಲ್ಲ. ಅದನ್ನ ತಿಂದ ಮಂದಿಗೆ ಏನಾರ ಆಗ್ತದೇನು?"

ಅವಳು ಕೇಳಿದ್ದು ಇನಾಯತ್ ಉಲ್ಲಾ ಅವರನ್ನು. "ಇಲ್ಲಮ್ಮ," ಎಂದರು ಅವರು. "ನೋಡಿಸಿದ್ದೀವಿ. ಏನೂ ಆಗಲ್ಲ."

"ಹಂಗಾದ್ರ ಚಲೋ ಆತು," ಎಂದು ಮತ್ತೆ ಕೈ ನೋಡಿಕೊಂಡಳು.

ಮುಕ್ಕಾಲು ಗಂಟೆಯ ಮೇಲೆ ಕಾವೇರಿ ಬಂದಳು, ಬೆನ್ನಿಗೆ ಬ್ಯಾಗು, ಹಣೆಯ ಮೇಲೆ ಬೆವರು. ಎಲ್ಲರಿಗೂ ಒಮ್ಮೆ ನಮಸ್ಕಾರ ಮಾಡಿ, ತಾಯಿಯ ಪಕ್ಕದ ಕುರ್ಚಿಯಲ್ಲಿ ಕೂತು ಹಾಳೆ ತೆಗೆದುಕೊಂಡಳು. ಮೊದಲು ಒಂದು ಸಾಲು ಇಂಗ್ಲಿಷಿನಲ್ಲಿ ಬಾಯೊಳಗೇ ಓದಿಕೊಳ್ಳುವಳು, ಆಮೇಲೆ ತಾಯಿಯ ಕಡೆ ತಿರುಗಿ ಅವಳ ಮಾತಿನಲ್ಲಿ ಹೇಳುವಳು. ಗುಳಿಗ್ಯಾಗ ಹೆಸರಿಲ್ಲದ್ದೊಂದು ಕಂಡಿತ್ತು. ಎರಡ ಸಲ ಮಾಡಿದ್ರೂ ಕಂಡಿತ್ತು. ಅದು ಕಡಿಮಿ ಕಾಣ್ಲಿ ಅಂತ ನಾ ಗೆರಿ ಬದಲಿ ಮಾಡಿದೆ. ಜಟ್ಟೆಮ್ಮ ತೊಳದ ಗಾಜು ನಾ ನೋಡಲೇ ಇಲ್ಲ. ನೋಡದ ಅಕಿ ತಪ್ಪಂತ ಬರದೆ.

ತಾನು ಬರೆದ ಮಾತುಗಳು ತನ್ನೂರಿನ ಕನ್ನಡದಲ್ಲಿ, ಬೇರೆಯವರ ಬಾಯಿಂದ ಬರುವುದನ್ನು ಈರೇಶ ಕೇಳುತ್ತಾ ನಿಂತಿದ್ದ. ಇಂಗ್ಲಿಷಿನಲ್ಲಿ ಬರೆಯುವಾಗ ಅವು ಇಷ್ಟು ಭಾರ ಇರಲಿಲ್ಲ.

ಎರಡನೆಯ ಪುಟದ ಮೊದಲ ಸಾಲಿಗೆ ಕಾವೇರಿ ನಿಂತಳು. ಇನ್ನೊಮ್ಮೆ ಓದಿದಳು. ತಾಯಿಗೆ ಹೇಳಲಿಲ್ಲ.

"ಯಾಕ ನಿಂತಿ?"

"ಏನಿಲ್ಲವ್ವ." ಅವಳು ಹಾಳೆಯಿಂದ ತಲೆ ಎತ್ತಲಿಲ್ಲ.

"ಏನದ ಹೇಳು."

ಆ ಸಾಲಿನಲ್ಲಿ ಏನಿದೆ ಎಂದು ಈರೇಶನಿಗೆ ಗೊತ್ತಿತ್ತು. ಅದನ್ನು ಆ ಹುಡುಗಿಯ ಬಾಯಿಂದ ಹೇಳಿಸಬಾರದು ಎನಿಸಿತು.

"ಸೈ ತಗೊಳ್ಳೂವಾಗ ಅದ್ರಾಗ ಏನದ ಅಂತ ನನಗ ಪೂರಾ ಗೊತ್ತಿತ್ತು," ಎಂದ ಅವನು. "ಗೊತ್ತಿದ್ದ ನಿನಗ ಸುಳ್ಳ ಹೇಳಿದೆ. ಹಂಗ ಬರದದ. ಆಮ್ಯಾಲ ಮನಿಗಿ ಬಂದು ಕೇಳ್ದಾಗ ಓದಿರಲಿಲ್ಲ ಅಂದೆನಲ್ಲ, ಅದೂ ಸುಳ್ಳು. ಅದು ಹಾಳ್ಯಾಗ ಇಲ್ಲ."

ಕಾವೇರಿ ಅವನನ್ನು ನೋಡಿದಳು. ರೇವತಿ ಕಿಟಕಿಯ ಕಡೆ ತಿರುಗಿದರು. ಜಟ್ಟೆಮ್ಮ ಮಾತ್ರ ಅವನತ್ತ ನೋಡಲಿಲ್ಲ. ಮಗಳ ಕೈಯಲ್ಲಿದ್ದ ಹಾಳೆಯ ಕಡೆ ಗದ್ದ ತೋರಿಸಿದಳು.

"ಮುಂದ ಓದು."

ಕಾವೇರಿ ಬೆರಳನ್ನು ಮುಂದಿನ ಸಾಲಿಗೆ ಇಳಿಸಿದಳು.